ಸೇವೆಯ ಗಂಟೆಗಳು



ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ, ಏಳು ದಿನಗಳ ವಿಶೇಷ ಶಿಬಿರ. ಇಂದಿನ ನಿಯಮ ಇಷ್ಟೇ. ಗಂಟೆಗಳನ್ನು ಎಣಿಸಿ ಪ್ರಮಾಣಪತ್ರ ಪಡೆಯುವುದನ್ನೇ ಸೇವೆಯೆಂದು ಭಾವಿಸಿದವರು ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಗೆ ಒಮ್ಮೆ ಹೋಗಿಬರಬೇಕು. ಅಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾತೀರದ ರೈತರು ಸರಕಾರದ ಹಣಕ್ಕೆ ಕಾಯದೆ, ತಾವೇ ವಂತಿಗೆ ಕೂಡಿಸಿ, ಶ್ರಮದಾನ ಮಾಡಿ, 1989ರಲ್ಲಿ ನದಿಗೆ ಬ್ಯಾರೇಜು ಕಟ್ಟಿದರು. ಬೇಸಿಗೆಯಲ್ಲಿ ಬತ್ತುತ್ತಿದ್ದ ಹೊಳೆಯಲ್ಲಿ ನೀರು ನಿಂತಿತು. ತಮಗೆ ಬೇಕಾದುದು ಏನೆಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೀವಾದರೋ ಹೊರಗಿನಿಂದ ಹೋಗುವವರು. ಮೊದಲು ಕೇಳಿ ತಿಳಿಯಿರಿ.

2019ರ ಆಗಸ್ಟಿನಲ್ಲಿ ಮುಧೋಳದ ಕಡೆ ಘಟಪ್ರಭೆಯೂ, ಜಮಖಂಡಿ, ರಬಕವಿ-ಬನಹಟ್ಟಿಯ ಕಡೆ ಕೃಷ್ಣೆಯೂ ಉಕ್ಕಿ ಹರಿದವು. ಅಂತಹ ದಿನಗಳಲ್ಲಿ ಹಳೆಯ ಬಟ್ಟೆಯ ಗಂಟು ಹೊತ್ತು ಬರುವವರು ಬಹಳ. (ಉಟ್ಟು ಬಿಟ್ಟ ಸೀರೆಯನ್ನು ಸೀರೆ ನೇಯುವವರ ಮನೆಗೇ ಕೊಡುವುದು ಎಂತಹ ಸೇವೆಯೋ!) ನೆರೆ ಇಳಿದ ಮೇಲೆ ಮಗ್ಗದ ಮನೆಯ ಕೆಸರೆತ್ತಲು, ಪರಿಹಾರದ ಅರ್ಜಿ ಬರೆದುಕೊಡಲು ಮಾತ್ರ ಕೈಗಳು ಸಾಲವು. ಅಕ್ಷರ ಬಲ್ಲ ನಿಮಗೆ ಒಂದು ಅರ್ಜಿ ಅರ್ಧ ಗಂಟೆಯ ಕೆಲಸ. ಓದು ಬಾರದ ಮುದುಕಿಗೆ ಅದೇ ಕುಸಿದ ಗೋಡೆಯನ್ನು ಎಬ್ಬಿಸುವ ದಾರಿ.

ಆಲಮಟ್ಟಿಯ ಹಿನ್ನೀರಿಗೆ ಊರು ಬಿಟ್ಟು ಬೀಳಗಿ ತಾಲ್ಲೂಕಿನ ಪುನರ್ವಸತಿ ಕೇಂದ್ರಗಳಿಗೆ ಬಂದ ವೃದ್ಧರಿಗೂ ಕಾಗದಪತ್ರ ಓದಿ ಹೇಳುವವರು ಬೇಕು. ಈ ರಜೆಯಲ್ಲಿ ಹೊರಡುವವರು ಸಭೆ ಮುಗಿದೊಡನೆ ನನ್ನಲ್ಲಿ ಹೆಸರು ಬರೆಸಿರಿ.