ಕ್ಯಾಮರಾ ಮತ್ತು ಮಿಕ್ಕ ಹವ್ಯಾಸಗಳು

(ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಭೆಯಲ್ಲಿ ನಾಡುನುಡಿಗಳ ವಿಷಯವಾಗಿ ಬಲ್ಲವರು ಮಾತನಾಡುವುದು ವಾಡಿಕೆ. ನಾನು ವಿದ್ವಾಂಸನಲ್ಲ, ರೈಲ್ವೆಯಲ್ಲಿ ಚಾಕರಿ ಮಾಡಿ ನಿವೃತ್ತನಾದವನು. ಆದರೂ ನಮ್ಮ ತರುಣರು ಒಂದು ಪ್ರಶ್ನೆ ಕೇಳಿ ನನ್ನನ್ನು ಇಲ್ಲಿಗೆ ಎಳೆದು ತಂದಿದ್ದಾರೆ. “ನಮಗೆ ಫೋಟೋ ತೆಗೆಯುವ ಹುಚ್ಚು ಇದೆ. ಹಾಡುವುದೂ ಬೇಕು, ಓದುವುದೂ ಬೇಕು. ಮನಸ್ಸಿನಲ್ಲಿ ಇನ್ನೂ ಏನೇನೋ ಕೆಲಸಗಳಿವೆ. ಇವೆಲ್ಲವನ್ನೂ ಹೊಂದಿಸಿಕೊಳ್ಳುವುದು ಹೇಗೆ?” ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಗೆ ನಾನು ಹಿಂದೆ ತಪ್ಪು ಉತ್ತರ ಕಂಡುಕೊಂಡವನು. ಎಡವಿದವನಿಗೆ ಕಲ್ಲು ಎಲ್ಲಿದೆಯೆಂದು ತಿಳಿದಿರುತ್ತದಷ್ಟೆ.

ನಮ್ಮ ದೌಂಡ ಜಂಕ್ಷನ್ನಿನ ಊರು. ಪುಣೆಯಿಂದ ಬಂದ ದಾರಿ ಇಲ್ಲಿ ಸೋಲಾಪುರದ ಕಡೆಗೆ, ಮನಮಾಡದ ಕಡೆಗೆ, ಬಾರಾಮತಿಯ ಕಡೆಗೆ ಕವಲೊಡೆಯುತ್ತದೆ. ಇಷ್ಟು ಗಾಡಿಗಳು ಒಂದಕ್ಕೊಂದು ತಾಕದೆ ಹೋಗುವುದು ಗಾಡಿಗಳು ಕಡಿಮೆಯೆಂದಲ್ಲ. ಯಾವುದು ಯಾವ ಹೊತ್ತಿಗೆ ಯಾವ ಹಳಿಯ ಮೇಲೆ ಎಂಬುದು ಮೊದಲೇ ಗೊತ್ತಾಗಿರುವುದರಿಂದ. ಹವ್ಯಾಸಗಳ ಮಾತೂ ಬಹುಮಟ್ಟಿಗೆ ಇದೇ. ಎರಡು ಹವ್ಯಾಸ ಇಟ್ಟುಕೊಂಡದ್ದು ತಪ್ಪಲ್ಲ. ಎರಡನ್ನೂ ಒಂದೇ ಹಳಿಯ ಮೇಲೆ ಬಿಡುವುದು ತಪ್ಪು.

ಫೋಟೋಗ್ರಫಿ ಬೆಳಕಿನ ವಿದ್ಯೆ. ಸೂರ್ಯ ಹುಟ್ಟಿದ ಮೇಲಿನ ಒಂದೆರಡು ತಾಸು, ಮುಳುಗುವ ಮುಂಚಿನ ಒಂದೆರಡು ತಾಸು, ಇವೇ ಅದರ ಸುಗ್ಗಿ. ನಡುಮಧ್ಯಾಹ್ನದ ಬಿಸಿಲು ಮುಖದ ಮೇಲೆ ಕರಿಯ ನೆರಳು ಬೀಳಿಸುತ್ತದೆ. ಆಗ ಓದಬಹುದು, ಬರೆಯಬಹುದು. ರಾತ್ರಿ ಭಜನೆಗೆ ಕೂಡಬಹುದು. ಋತುಗಳ ಲೆಕ್ಕವೂ ಇದೆ. 1980ರಲ್ಲಿ ಉಜನಿ ಅಣೆಕಟ್ಟು ಮುಗಿದ ಮೇಲೆ ನಮ್ಮ ಭೀಮೆಯ ನೀರು ಭಿಗವಣದ ಬದಿಗೆ ಹಿನ್ನೀರಾಗಿ ನಿಂತಿತು. ಚಳಿಗಾಲದಲ್ಲಿ ಅಲ್ಲಿಗೆ ರಾಜಹಂಸಗಳು ಬರುತ್ತವೆ. ಮರಾಠಿಯಲ್ಲಿ ಅವಕ್ಕೆ ರೋಹಿತ ಎನ್ನುತ್ತಾರೆ. ಆ ಕೆಲವು ತಿಂಗಳು ಹಕ್ಕಿಗೆ ಮೀಸಲು. ಮಳೆಗಾಲ ಮಿಕ್ಕ ಕೆಲಸಗಳಿಗೆ ಮೀಸಲು. ಇಷ್ಟು ಸುಲಭವಾಗಿದ್ದರೆ ನಾನು ಈಗಲೇ ಕುಳಿತುಕೊಳ್ಳಬಹುದಿತ್ತು.

ತೊಡಕು ಇರುವುದು ಬೇರೆ ಕಡೆ. ಕ್ಯಾಮರಾ ಬಹಳ ಹೊಟ್ಟೆಬಾಕ. ನಾನು 1974ರಲ್ಲಿ ಕೊಂಡ ಆಗ್ಫಾ ಕ್ಲಿಕ್ ಕ್ಯಾಮರಾದಲ್ಲಿ ಒಂದು ರೋಲಿಗೆ ಹನ್ನೆರಡೇ ಚಿತ್ರ. ರೋಲಿನ ಬೆಲೆಯೇ ನಮ್ಮ ಕೈ ಹಿಡಿಯುತ್ತಿತ್ತು. ಈಗ ಮೊಬೈಲಿನಲ್ಲಿ ಒಂದೇ ಬೆಳಗಿಗೆ ಐನೂರು ತೆಗೆಯಬಹುದು, ಖರ್ಚಿಲ್ಲ. ಖರ್ಚು ಬರುವುದು ರಾತ್ರಿ, ಐನೂರರಲ್ಲಿ ಐದನ್ನು ಆರಿಸಲು ಕುಳಿತಾಗ. ಭಜನೆಗೆ ಎಂದು ಇಟ್ಟ ಹೊತ್ತನ್ನು ಅದು ನುಂಗುತ್ತದೆ.

ಹಾಗಾದರೆ ಇದನ್ನು ಹದದಲ್ಲಿ ಇಟ್ಟವರು ಯಾರೂ ಇಲ್ಲವೆ? ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರನ್ನು (1938–2007) ನೆನೆಯಿರಿ. ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು, ಗಾಳ ಹಾಕಿ ಮೀನು ಹಿಡಿದರು, ಚಿತ್ರ ಬರೆದರು, ಹಕ್ಕಿಗಳ ಫೋಟೋ ತೆಗೆದರು, ಕಂಪ್ಯೂಟರಿನಲ್ಲಿ ಕನ್ನಡ ನಿಲ್ಲಬೇಕೆಂದು ಹೋರಾಡಿದರು. ಇಷ್ಟರ ನಡುವೆ ‘ಕರ್ವಾಲೊ’, ‘ಚಿದಂಬರ ರಹಸ್ಯ’ಗಳಂಥ ಕಾದಂಬರಿಗಳನ್ನು ಕೊಟ್ಟರು. ಇಷ್ಟಕ್ಕೆಲ್ಲ ಹೊತ್ತು ಎಲ್ಲಿತ್ತು? ನನಗೆ ತೋರುವ ಮಟ್ಟಿಗೆ, ಅವು ಬೇರೆ ಬೇರೆ ಹವ್ಯಾಸಗಳೇ ಅಲ್ಲ. ಕಾಡು ಹೇಗೆ ಬದುಕುತ್ತದೆ ಎಂಬ ಒಂದೇ ಕುತೂಹಲದ ಕೈಕಾಲುಗಳು. ಕ್ಯಾಮರಾ ಹಿಡಿದು ಹಕ್ಕಿಗಾಗಿ ಕಾದ ಹೊತ್ತು ಬರವಣಿಗೆಗೂ ಸಂದಿತು.

ಇನ್ನೊಬ್ಬರು ಸಂಡೂರಿನ ಎಂ. ವೈ. ಘೋರ್ಪಡೆಯವರು (1931–2011). ಮರಾಠಾ ರಾಜಮನೆತನದಲ್ಲಿ ಹುಟ್ಟಿ ಕನ್ನಡ ನಾಡಿನ ಸೇವೆ ಮಾಡಿದವರು; ಮಹಾರಾಷ್ಟ್ರದಲ್ಲಿ ನೆಲಸಿದ ಕನ್ನಡಿಗರಾದ ನಮಗೆ ಅವರ ಮೇಲೆ ವಿಶೇಷ ಅಭಿಮಾನವಿದ್ದರೆ ಆಶ್ಚರ್ಯವಿಲ್ಲ. 1970ರ ದಶಕದಲ್ಲಿ ರಾಜ್ಯದ ಅರ್ಥಮಂತ್ರಿಗಳಾಗಿದ್ದರು. ಮುಂಗಡ ಪತ್ರ ಬರೆಯುವ ಕೈಯಿಂದಲೇ ಕಾಡುಪ್ರಾಣಿಗಳ ಕಪ್ಪು-ಬಿಳುಪು ಚಿತ್ರಗಳನ್ನೂ ತೆಗೆದರು. 1983ರಲ್ಲಿ ಹೊರಬಂದ ಅವರ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಪುಸ್ತಕವನ್ನು ಅವರು ವನ್ಯಜೀವಿ ಛಾಯಾಗ್ರಾಹಕನ ದಿನಚರಿ ಎಂದು ಕರೆದಿದ್ದಾರೆ. ಗಮನಿಸಿರಿ: ಬರಿಯ ಚಿತ್ರಸಂಪುಟವಲ್ಲ, ದಿನಚರಿ. ಕಂಡದ್ದರ ಜೊತೆಗೆ ಬರೆದದ್ದೂ ಇದೆ.

ಈ ‘ಬರೆದದ್ದು’ ಎಂಬುದರ ಬೆಲೆ ನನಗೆ ತಿಳಿದದ್ದು ತಡವಾಗಿ. ಅದನ್ನೇ ಹೇಳಬೇಕೆಂದು ಬಂದಿದ್ದೇನೆ.

ನನ್ನ ಹುಟ್ಟೂರು ವಿಜಯಪುರ ಜಿಲ್ಲೆಯ ಇಂಡಿಯ ಕಡೆ. ನಮ್ಮವ್ವ ಬೀಸುವಾಗ ಹಾಡುತ್ತಿದ್ದಳು. ಅವಳ ಪದಗಳನ್ನೆಲ್ಲ ಬರೆದಿಡಬೇಕೆಂದು ನಾನು ಒಂದು ನೋಟುಬುಕ್ಕು ತಂದಿದ್ದೆ. ಎರಡು ಪುಟ ಬರೆದೆ. ಆಮೇಲೆ ಕ್ಯಾಮರಾ ಬಂದಿತು. 1976ರಲ್ಲಿ ರಜೆಯ ಮೇಲೆ ಹೋದಾಗ, ಬೀಸುವ ಅವ್ವನ ಫೋಟೋ ತೆಗೆಯುವ ಮನಸ್ಸಾಯಿತು. ಆದರೆ ಅವಳು ಬೀಸುತ್ತಿದ್ದುದು ಕೋಳಿ ಕೂಗುವ ಮೊದಲು, ಕತ್ತಲಲ್ಲಿ. ನನ್ನ ಕ್ಯಾಮರಾಕ್ಕೆ ಬಿಸಿಲು ಬೇಕು. ಆದುದರಿಂದ ಎಂಟು ಗಂಟೆಗೆ ಅಂಗಳದಲ್ಲಿ ಬೀಸುಕಲ್ಲು ಹಾಕಿಸಿದೆ. “ಬಿಸಲಾಗ ಯಾರರ ಬೀಸ್ತಾರೇನೋ ತಮ್ಮಾ?” ಎಂದು ನಕ್ಕಳು; ಆದರೂ ಕುಳಿತಳು, ಹಾಡಿದಳು. ನಾನು ನೆರಳು, ಕೋನ, ದೂರ ಇವನ್ನೇ ನೋಡುತ್ತಿದ್ದೆ. ಹಾಡು ಕಿವಿಗೆ ಬೀಳಲಿಲ್ಲ. ನೋಟುಬುಕ್ಕು ಒಳಗೆ ಟ್ರಂಕಿನಲ್ಲಿತ್ತು. ಮುಂದಿನ ರಜೆಯಲ್ಲಿ ಬರೆದರಾಯಿತು ಎಂದುಕೊಂಡೆ.

ಚಿತ್ರ ಚೆನ್ನಾಗಿ ಬಂದಿತು. ಒಂದು ಪ್ರದರ್ಶನದಲ್ಲಿ ಬಹುಮಾನವೂ ಬಂದಿತು. ಆ ಹುರುಪಿನಲ್ಲಿ ಎಷ್ಟೋ ರಜೆಗಳು ಕೋಟೆ, ಕೆರೆ, ಹಕ್ಕಿಗಳ ಹಿಂದೆ ಹೋದವು. 1984ರಲ್ಲಿ ಅವ್ವ ತೀರಿಕೊಂಡಳು.

ಹಲವು ವರುಷಗಳ ಮೇಲೆ, ಗೋಡೆಯ ಮೇಲಿನ ಆ ಚಿತ್ರ ನೋಡಿ ನನ್ನ ಮೊಮ್ಮಗಳು ಕೇಳಿದಳು: “ಅಜ್ಜಾ, ಮುತ್ತಜ್ಜಿ ಬಾಯಿ ತಗದಾಳಲ್ಲ, ಏನ್ ಹಾಡಾಕತ್ತಾಳ?”

ನನ್ನಲ್ಲಿ ಉತ್ತರವಿರಲಿಲ್ಲ. ಬಹುಮಾನ ಕೊಟ್ಟವರು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ.

ಚಿತ್ರವನ್ನು ಕಟ್ಟಿಕೊಂಡು ಊರಿಗೆ ತಂಗಿಯ ಮನೆಗೆ ಹೋದೆ. ಅವಳು ಬಹಳ ಹೊತ್ತು ನೋಡಿ, “ಅಣ್ಣಾ, ಮೊರದಾಗ ಜ್ವಾಳ ಅಲ್ಲ, ಗೋದಿ ಐತಿ. ಗೋದಿ ಬೀಸೂದು ಹಬ್ಬಕ್ಕ, ಮದಿವಿಗೆ. ಅದು ನನ್ನ ಮದಿವಿ ವರ್ಷ” ಎಂದಳು. ಮದುವೆಯ ಹಿಟ್ಟು ಬೀಸುವಾಗ ಅವ್ವ ಹಾಡುತ್ತಿದ್ದ ಎರಡು ಪದಗಳನ್ನು ಹೇಳಿದಳು. ಎರಡರಲ್ಲಿ ಯಾವುದೋ ಒಂದು. ಯಾವುದೆಂದು ಅವಳಿಗೂ ತಿಳಿಯದು. ಮೂರು ದಿನ ಅಲ್ಲಿದ್ದು ಅವಳ ನೆನಪಿನಲ್ಲಿದ್ದ ಹನ್ನೊಂದು ಪದಗಳನ್ನು ಬರೆದುಕೊಂಡೆ. ಅವ್ವನಲ್ಲಿ ನೂರಕ್ಕೆ ಕಡಿಮೆ ಇರಲಿಲ್ಲ.

ನಮ್ಮ ಊರಿಗೆ ದೂರವಲ್ಲದ ಹಲಸಂಗಿಯಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಇಂಥ ಪದಗಳನ್ನು ಕೂಡಿಹಾಕಿ 1931ರಲ್ಲೇ ‘ಗರತಿಯ ಹಾಡು’ ಹೊರತಂದಿದ್ದರು. ಗೆಳೆತನದ ಪ್ರೀತಿಯಿಂದ, ದಿನದ ದುಡಿಮೆಯ ನಡುವೆ ಮಾಡಿದ ಕೆಲಸ. ಅವರ ಕೈಗೆ ಕ್ಯಾಮರಾ ಬಂದಿರಲಿಲ್ಲವೇನೋ, ಕಿವಿ ತೆರೆದಿತ್ತು. ನನ್ನ ಕೈಯಲ್ಲಿ ಕ್ಯಾಮರಾ ಇತ್ತು; ಕಿವಿ ಮುಚ್ಚಿತ್ತು.

ಹಾಗೆಂದು ಕ್ಯಾಮರಾ ಬಿಡಿರೆಂದು ಹೇಳುವುದಿಲ್ಲ. ಆ ಚಿತ್ರವಿಲ್ಲದಿದ್ದರೆ ಮೊರದ ಗೋದಿ ಕಾಣುತ್ತಿರಲಿಲ್ಲ, ಆ ಎರಡು ಪದಗಳೂ ಸಿಗುತ್ತಿರಲಿಲ್ಲ. ನಾನು ಹೇಳುವುದಿಷ್ಟೆ: ಕ್ಯಾಮರಾವನ್ನು ಒಂಟಿಯಾಗಿ ಬಿಡಬೇಡಿರಿ, ನಿಮ್ಮ ಇನ್ನೊಂದು ಹವ್ಯಾಸದ ಜೊತೆಗೆ ಅದನ್ನು ಹೂಡಿರಿ. ಹಾಡುವವರು ಹಾಡುವವರ ಚಿತ್ರ ತೆಗೆಯಲಿ, ಹಾಡನ್ನೂ ಬರೆಯಲಿ. ಅಡಿಗೆಯಲ್ಲಿ ಆಸಕ್ತಿಯುಳ್ಳ ತಾಯಂದಿರು ಹಬ್ಬದ ಎಡೆಯ ಚಿತ್ರದ ಜೊತೆಗೆ ಮಾಡುವ ಬಗೆಯನ್ನೂ ಬರೆಯಲಿ. ಭಿಗವಣಕ್ಕೆ ಹೋಗುವವರು ಹಕ್ಕಿಯ ಹೆಸರು ಕನ್ನಡದಲ್ಲೇನು, ಮರಾಠಿಯಲ್ಲೇನು ಎಂದು ಅಲ್ಲಿಯ ಮೀನುಗಾರರನ್ನು ಕೇಳಿ ಗುರುತು ಹಾಕಿಕೊಳ್ಳಲಿ. ಒಂದು ಬೆಳಗಿಗೆ ಮೂವತ್ತಾರು ಚಿತ್ರ ಸಾಕೆಂದು ಕಟ್ಟು ಹಾಕಿಕೊಳ್ಳಿರಿ. ಉಳಿದ ಹೊತ್ತು ತಾನಾಗಿ ಕೈಗೆ ಬರುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು. ಯಾವ ಕೆಲಸ ಕಾಯಬಲ್ಲದು, ಯಾವುದು ಕಾಯಲಾರದು ಎಂದು ಮೊದಲು ವಿಂಗಡಿಸಿರಿ. ರಾಜಹಂಸಗಳು ಈ ವರುಷ ತಪ್ಪಿದರೆ ಮುಂದಿನ ಚಳಿಗಾಲಕ್ಕೆ ನೋಡಬಹುದು. ಮನೆಯ ಹಿರಿಯರ ಮಾತು ಹಾಗಲ್ಲ. ನಮ್ಮ ಮಕ್ಕಳು ಇಲ್ಲಿ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಕಲಿಯುತ್ತಾರೆ, ಕಲಿಯಲಿ. ಅವರಿಗೆ ಕನ್ನಡ ಸಿಗುವುದು ಮನೆಯ ಅಜ್ಜಿಯ ಬಾಯಿಂದ. ನಿಮ್ಮ ಜೇಬಿನ ಮೊಬೈಲು ಚಿತ್ರ ತೆಗೆಯುವಂತೆ ದನಿಯನ್ನೂ ಹಿಡಿಯುತ್ತದೆ. ನನಗೆ ಆ ಭಾಗ್ಯವಿರಲಿಲ್ಲ.

ಇಲ್ಲಿ ನಮ್ಮ ಊರಿನ ಬದಿಗೆ ಹರಿಯುವ ಭೀಮೆಯೇ ಪಂಢರಪುರ ದಾಟಿ ನನ್ನ ತವರುನಾಡಿಗೆ ಹೋಗುತ್ತಾಳೆ. ಈ ದೀಪಾವಳಿಗೆ ಊರಿಗೆ ಹೋಗುವವರು ಕ್ಯಾಮರಾದ ಜೊತೆಗೆ ಒಂದು ನೋಟುಬುಕ್ಕನ್ನೂ ಚೀಲದಲ್ಲಿ ಇಟ್ಟುಕೊಳ್ಳಿರಿ. ಟ್ರಂಕಿನ ಒಳಗಲ್ಲ, ಕೈಗೆ ಸಿಗುವಂತೆ ಮೇಲೆ. ತಿರುಗಿ ಬಂದ ಮೇಲೆ ಅದರಿಂದ ಒಂದು ಪದವನ್ನು ಈ ಸಂಘದಲ್ಲಿ ಓದಿದಿರಾದರೆ ನನ್ನ ಮಾತು ಸಾರ್ಥಕವಾದೀತು.