ಯಾವುದು ತುರ್ತು, ಯಾವುದು ಅವಸರ?



ಸರಕಾರದ ಕಟ್ಟಡವು ನಮ್ಮ ತೆರಿಗೆಯಿಂದ ಏಳುವುದು. ಅದನ್ನು ಯಾರಿಗೆ, ಯಾವ ದರಕ್ಕೆ ಒಪ್ಪಿಸಿದರೆಂದು ಕೇಳುವ ಅಧಿಕಾರವೂ ನಮ್ಮದೇ. ೧೯೯೯ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮವು ಟೆಂಡರನ್ನು ಬಹಿರಂಗವಾಗಿ ಕರೆಯತಕ್ಕದ್ದೆಂದು ವಿಧಿಸಿ, ಅನ್ಯಾಯವಾಯಿತೆನ್ನುವ ಗುತ್ತಿಗೆದಾರನಿಗೆ ಮೇಲ್ಮನವಿಯ ದಾರಿಯನ್ನೂ ಇಟ್ಟಿದೆ. ಆದರೆ ಅದರ ೪ನೆಯ ಪ್ರಕರಣದಲ್ಲಿ, ಸರಕಾರವು ಸಾರಿದ ತುರ್ತು ಮೊದಲಾದವುಗಳಿಗಾಗಿ, ವಿನಾಯಿತಿಯ ಹಿತ್ತಲ ಬಾಗಿಲೊಂದಿದೆ.

ಮನೆಗೆ ಹಿತ್ತಲ ಬಾಗಿಲೇ ಬೇಡವೆಂದು ನಾನು ಹೇಳಲಾರೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದು ಕೊಚ್ಚಿಹೋಯಿತು. ಗಂಗಾವತಿಯ ಭತ್ತದ ಗದ್ದೆಗಳ ನೀರು ಕಣ್ಣೆದುರಿಗೇ ಹರಿದುಹೋಗುತ್ತಿರಲು ಟೆಂಡರಿನ ಅವಧಿ ಮುಗಿಯಲೆಂದು ಯಾರು ಕಾದಾರು? ವಾರದೊಳಗೆ ತಾತ್ಕಾಲಿಕ ತಡೆಯನ್ನು ಇಳಿಸಿದುದು ನಿಜವಾದ ತುರ್ತಿನ ಕೆಲಸ. ಆದರೆ ಸುಮಾರು ಎಪ್ಪತ್ತು ವರ್ಷದ ಗೇಟುಗಳನ್ನು ಬದಲಿಸಲು ಅಂದಾಜುಪಟ್ಟಿ ಸಿದ್ಧಪಡಿಸುವುದಕ್ಕೆ, ಸರಪಳಿ ಕಡಿಯುವ ಮುನ್ನ, ಬೇಕಾದಷ್ಟು ಕಾಲವಿತ್ತಲ್ಲವೇ?

ಮಾರ್ಚ್ ಕೊನೆಯಲ್ಲಿ ಹುಟ್ಟುವ ತುರ್ತಂತೂ ಬೇರೆಯೇ ಜಾತಿಯದು! ಶಾಲೆಯ ಮಾಳಿಗೆಯು ಒಂದೇ ದಿನದಲ್ಲಿ ಕುಸಿಯುವುದಿಲ್ಲ. ಅದು ಸೋರುವುದನ್ನು ಉಪಾಧ್ಯಾಯರು ವರ್ಷಗಟ್ಟಲೆ ನೋಡಿರುತ್ತಾರೆ. ಕಾಲವಿದ್ದಾಗ ಸುಮ್ಮನಿದ್ದು, ಬಳಿಕ ಒಂದೇ ಕಾಮಗಾರಿಯನ್ನು ಸೀಳಿ ತುಂಡು ಗುತ್ತಿಗೆ ಕೊಡುವುದಕ್ಕೆ ತುರ್ತೆಂಬ ಹೆಸರು ಸಲ್ಲದು. ಹಾಗೆ ಎದ್ದ ಗೋಡೆಯ ಕೆಳಗೆ ಕೂಡುವವರು ನಮ್ಮ ಮಕ್ಕಳು.

ಉಪಾಧ್ಯಾಯರೇ, ೨೦೦೫ರ ಮಾಹಿತಿ ಹಕ್ಕಿನ ಅಧಿನಿಯಮದಂತೆ ನಿಮ್ಮ ಶಾಲೆಯ ಅಂದಾಜುಪಟ್ಟಿಯನ್ನೂ ಅಳತೆ ಪುಸ್ತಕವನ್ನೂ ಕೇಳಿರಿ. ಕೆಲಸವನ್ನು ಪರಿಶೀಲಿಸುವ, ಸಾಮಗ್ರಿಯ ಮಾದರಿಯನ್ನು ಪಡೆಯುವ ಹಕ್ಕೂ ಅದರಲ್ಲಿದೆ. ಬಿಲ್ಲು ಪಾವತಿಯಾಗುವ ಮೊದಲೇ ಕೇಳಿರಿ.