ಮತಗಟ್ಟೆಯಿಂದ ಗ್ರಾಮಸಭೆಗೆ

(ಹಿರೇಹಡಗಲಿಯ ನಾಗರಿಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ತಾಲೂಕಿನ ಹೆಸರಿನಲ್ಲೇ ಹೂವಿದೆ. ಇಲ್ಲಿನ ಹೂಗಳು ತುಂಗಭದ್ರೆಯ ಮೇಲೆ ತೇಲಿ ವಿಜಯನಗರ ತಲುಪುತ್ತಿದ್ದವೆಂಬ ಪ್ರತೀತಿಯನ್ನು ನಾವೆಲ್ಲರೂ ಕೇಳಿದ್ದೇವೆ. ಹಡಗಲಿ ಮಲ್ಲಿಗೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಆದರೆ ಮಾನ್ಯತೆಯಿಂದಷ್ಟೇ ಹೊಟ್ಟೆ ತುಂಬುವುದಿಲ್ಲ. ಮೊಗ್ಗು ಬಿಡಿಸಿದ ದಿನವೇ ಮಾರಾಟವಾಗಬೇಕು. ದರ ಕುಸಿದ ದಿನ ಬೆಳೆಗಾರನೂ, ನಸುಕಿನಲ್ಲಿ ಮೊಗ್ಗು ಬಿಡಿಸಿದ ಕೂಲಿಯಾಳೂ, ಮಾಲೆ ಕಟ್ಟುವ ತಾಯಿಯೂ ಒಟ್ಟಿಗೇ ಸೋಲುತ್ತಾರೆ. ಆ ನಷ್ಟ ಯಾರ ಜಾತಿಯನ್ನೂ ಕೇಳುವುದಿಲ್ಲ.

ನದಿ ನಮ್ಮ ಮಗ್ಗುಲಲ್ಲೇ ಹರಿಯುತ್ತದೆ. 1953ರಲ್ಲಿ ತುಂಗಭದ್ರಾ ಜಲಾಶಯ ತುಂಬತೊಡಗಿದಾಗ ಈ ಭಾಗದ ಹಳ್ಳಿಗಳು ನೀರಿಗೆ ಜಾಗ ಬಿಟ್ಟುಕೊಟ್ಟವು. ಆದರೂ ನಮ್ಮ ಬಹುಪಾಲು ಹೊಲಗಳು ಇಂದಿಗೂ ಮುಗಿಲನ್ನೇ ನೋಡುತ್ತಿವೆ. ಹಮ್ಮಿಗಿಯ ಬಳಿ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಎದ್ದು ನಿಂತಿದೆ. ಆ ನೀರು ಕಾಲುವೆಯ ಕೊನೆಯ ಹೊಲಕ್ಕೂ ತಲುಪುತ್ತಿದೆಯೇ ಎಂದು ಲೆಕ್ಕ ಕೇಳಬೇಕಾದವರು ನಾವು. ಮಳೆ ಕೈಕೊಟ್ಟ ವರ್ಷ ಮೆಕ್ಕೆಜೋಳದ ಹೊಲ ಒಣಗುತ್ತದೆ, ಮನೆಗೆ ಬೀಗ ಬೀಳುತ್ತದೆ, ಕುಟುಂಬ ಬೆಂಗಳೂರಿಗೋ ಕರಾವಳಿಗೋ ಗುಳೆ ಹೋಗುತ್ತದೆ. ತಂದೆತಾಯಿಯ ಜೊತೆ ಹೊರಟ ಮಗುವಿನ ಶಾಲೆ ಅಲ್ಲಿಗೇ ನಿಲ್ಲುತ್ತದೆ.

ಬಂಧುಗಳೇ, ಇಂತಹ ಸಂಕಟದ ನಡುವೆ ಸಾರ್ವಜನಿಕ ಜೀವನದಲ್ಲಿ ನಾವೆಲ್ಲಿದ್ದೇವೆ? ಆತ್ಮಾವಲೋಕನ ಮಾಡಿಕೊಳ್ಳೋಣ. ಚುನಾವಣೆ ಬಂದಾಗ ನಮ್ಮ ಓಣಿಗಳಲ್ಲಿ ಬಿಸಿಬಿಸಿ ಚರ್ಚೆ ನಡೆಯುತ್ತದೆ. ಮತ ಎಣಿಕೆ ಮುಗಿದ ಮರುದಿನ ನಾವು ಮೌನಿಗಳಾಗುತ್ತೇವೆ. ಜನಪ್ರತಿನಿಧಿಗಳ ಮುಂದೆ ನಾವಿಡುವ ಮನವಿಯಾದರೂ ಯಾವುದು? ಖಬರಸ್ಥಾನದ ಆವರಣ ಗೋಡೆ, ಶಾದಿಮಹಲ್. ಅವು ಬೇಡವೆಂದಲ್ಲ. ಆದರೆ ಊರಿನ ಕುಡಿಯುವ ನೀರು, ಪ್ರಾಥಮಿಕ ಆರೋಗ್ಯ ಕೇಂದ್ರ, ಸರಕಾರಿ ಶಾಲೆಯ ಶಿಕ್ಷಕರ ಕೊರತೆ ನಮ್ಮ ಮನವಿಪತ್ರದಲ್ಲಿ ಏಕಿಲ್ಲ? ತನ್ನ ಗೋಡೆಯನ್ನಷ್ಟೇ ಕೇಳುವ ಸಮುದಾಯವನ್ನು ಊರು ತನ್ನದೆಂದು ಹೇಗೆ ಭಾವಿಸೀತು?

ಕೆಲವರು ಹೇಳುತ್ತಾರೆ: "ಕ್ಷೇತ್ರ ಮೀಸಲಾಗಿದೆ, ನಮಗಿಲ್ಲೇನು ಕೆಲಸ?" 2008ರ ಪುನರ್ವಿಂಗಡಣೆಯ ತರುವಾಯ ಹಡಗಲಿ ಮತ್ತು ಹಗರಿಬೊಮ್ಮನಹಳ್ಳಿ ಪರಿಶಿಷ್ಟ ಜಾತಿಗೆ, ಕೂಡ್ಲಿಗಿ ಪರಿಶಿಷ್ಟ ಪಂಗಡಕ್ಕೆ ಮೀಸಲಾದವು. ಶತಮಾನಗಳ ಕಾಲ ಹೊರಗಿಡಲ್ಪಟ್ಟವರಿಗೆ ದೊರೆತ ಆ ನ್ಯಾಯವನ್ನು ನಾವು ಗೌರವಿಸಬೇಕು. ಮೀಸಲಾದದ್ದು ಅಭ್ಯರ್ಥಿಯ ಸ್ಥಾನವೇ ಹೊರತು ಪ್ರಶ್ನೆ ಕೇಳುವ ಹಕ್ಕಲ್ಲ.

ಆ ಹಕ್ಕು ಚಲಾಯಿಸುವ ಜಾಗ ಗ್ರಾಮಸಭೆ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಎರಡು ಗ್ರಾಮಸಭೆಗಳ ನಡುವೆ ಆರು ತಿಂಗಳಿಗಿಂತ ಹೆಚ್ಚು ಅಂತರವಿರಬಾರದು. ಊರಿನ ಪ್ರತಿಯೊಬ್ಬ ಮತದಾರನೂ ಅದರ ಸದಸ್ಯ. ಮನೆ ಯಾರಿಗೆ, ಚರಂಡಿ ಎಲ್ಲಿಗೆ ಎಂಬುದು ಅಲ್ಲಿ ಚರ್ಚೆಯಾಗಬೇಕು. ನಾವು ಹೋಗದ ಸಭೆಯ ಪುಸ್ತಕದಲ್ಲೂ ನಿರ್ಣಯಗಳು ದಾಖಲಾಗುತ್ತವೆ. ಆಮೇಲೆ ಅನ್ಯಾಯವಾಯಿತೆಂದು ಗೊಣಗುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ಮಾತು. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿ ನಮ್ಮ ಭಾಗದ ಮಕ್ಕಳಿಗೆ ಶಿಕ್ಷಣ ಹಾಗೂ ಉದ್ಯೋಗದಲ್ಲಿ ಮೀಸಲಾತಿ ನೀಡಿದೆ. 2021ರಲ್ಲಿ ವಿಜಯನಗರ ಪ್ರತ್ಯೇಕ ಜಿಲ್ಲೆಯಾದ ಮೇಲೂ ಅದು ಮುಂದುವರಿದಿದೆ. ಯಂತ್ರಗಳೂ ಫೋಮ್ ಹಾಸಿಗೆಗಳೂ ಬಂದು ಹತ್ತಿ ಹಿಂಜುವ ಕಸುಬು ಕಳೆದುಕೊಂಡ ನಮ್ಮ ಪಿಂಜಾರ ಸಹೋದರರ ಮಕ್ಕಳಿಗೆ ಇದು ಎಂತಹ ಆಸರೆ! ಆದರೆ ಅದಕ್ಕೆ ಅರ್ಹತಾ ಪ್ರಮಾಣಪತ್ರ ಬೇಕು. ಪ್ರವೇಶದ ಕೊನೆಯ ದಿನ ಕಚೇರಿಗೆ ಓಡುವುದರ ಬದಲು, ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮಾಡಿಸಿಡಬಾರದೇ? ಓದುಬಲ್ಲ ಯುವಕರು ನೆರೆಮನೆಯ ಅರ್ಜಿಯನ್ನೂ, ಅದು ಯಾವ ಸಮುದಾಯದ ಮನೆಯೇ ಆಗಿರಲಿ, ತುಂಬಿಕೊಡಲಿ.

ಮುಂದಿನ ಗ್ರಾಮಸಭೆಗೆ ನಾವು ಹೋಗೋಣ. ನಮ್ಮ ತಾಯಂದಿರನ್ನೂ ಸಹೋದರಿಯರನ್ನೂ ಕರೆದೊಯ್ಯೋಣ. ನೀರಿಗಾಗಿ ಕಾಯುವವರು ಅವರೇ, ಮೊದಲು ಮಾತನಾಡಬೇಕಾದವರೂ ಅವರೇ. ಪಟ್ಟಣದಲ್ಲಿ ನೆಲೆಸಿರುವವರು ತಮ್ಮ ಪುರಸಭೆಯ ಆಯವ್ಯಯ ಪೂರ್ವಭಾವಿ ಸಭೆಗೆ ಹಾಜರಾಗಲಿ. ಅಲ್ಲಿ ಮೊದಲು ಊರಿನ ಬೇಡಿಕೆ ಇಡೋಣ, ನಂತರ ನಮ್ಮ ಓಣಿಯದು. ಈ ಸಂಕಲ್ಪದೊಂದಿಗೆ ಇಂದು ಇಲ್ಲಿಂದ ಏಳೋಣ.